ಒಣಮೆಣಸಿನಕಾಯಿ ಹಾಗೂ ಒಣ ತರಕಾರಿಗಳಲ್ಲಿ ಬೂಷ್ಟುವಿಷ: ತಡೆಗಟ್ಟುವಲ್ಲಿ ಗ್ರಾಮ ಪಂಚಾಯಿತಿಗಳ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಹಾವೇರಿ, ಧಾರವಾಡ, ಗದಗ ಜಿಲ್ಲೆಗಳ ಕಪ್ಪುಮಣ್ಣಿನ ಊರುಗಳಲ್ಲಿ ಸಂಕ್ರಾಂತಿಯ ಆಸುಪಾಸಿನಿಂದ ಯುಗಾದಿಯವರೆಗೆ ಹೊಲದ ಬದುವಿನಲ್ಲಿ, ಮನೆಯಂಗಳದಲ್ಲಿ, ಮಾಳಿಗೆಯ ಮೇಲೆ, ಡಾಂಬರು ರಸ್ತೆಯ ಅಂಚಿನಲ್ಲಿ ಕೆಂಪು ಮೆಣಸಿನಕಾಯಿ ಹರಡಿರುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಖಾರ ಕಡಿಮೆ, ಬಣ್ಣ ಗಾಢ ಎಂಬುದು ಅದರ ಹೆಗ್ಗಳಿಕೆ. ಡಬ್ಬಿ, ಕಡ್ಡಿ ತಳಿಗಳ ಕಾಯಿಯಿಂದ ತೆಗೆಯುವ ಬಣ್ಣದ ಸಾರವು ಆಹಾರ ಪದಾರ್ಥಗಳಿಗೂ ತುಟಿಬಣ್ಣದಂತಹ ಸೌಂದರ್ಯ ಸಾಧನಗಳಿಗೂ ಬಳಕೆಯಾಗುತ್ತದೆ. ಇಷ್ಟು ಹೆಸರುಳ್ಳ ಬೆಳೆಯು ಗಿಡದಿಂದ ಬಿಡಿಸಿದ ದಿನದಿಂದ ಚೀಲ ಸೇರುವ ದಿನದವರೆಗೆ ಕಳೆಯುವ ಹತ್ತು ಹದಿನೈದು ದಿನಗಳ ಬಗ್ಗೆ ಗ್ರಾಮಸಭೆಗಳಲ್ಲಿ ಚರ್ಚೆಯಾಗುವುದು ಅಪರೂಪ. ಬೂಷ್ಟುವಿಷವು ಹೆಚ್ಚಾಗಿ ಹುಟ್ಟುವುದು ಆ ದಿನಗಳಲ್ಲಿಯೇ. ಅದನ್ನು ತಡೆಯಲು ಬೇಕಾದ ಜಾಗ, ಕಟ್ಟಡ ಹಾಗೂ ತಿಳಿವಳಿಕೆಯನ್ನು ಒದಗಿಸುವ ಅಧಿಕಾರ ಬಹುಮಟ್ಟಿಗೆ ಗ್ರಾಮ ಪಂಚಾಯಿತಿಗಳ ಕೈಯಲ್ಲಿದೆ. ಇದೇ ಈ ಉಪನ್ಯಾಸದ ವಿಷಯ.

ಬೂಷ್ಟು ಮತ್ತು ಬೂಷ್ಟುವಿಷ

ಒದ್ದೆಯಾದ ರೊಟ್ಟಿಯ ಮೇಲೆ, ತೇವ ತಗುಲಿದ ಶೇಂಗಾದ ಮೇಲೆ ಬೆಳೆಯುವ ಹಸಿರು, ಹಳದಿ ಅಥವಾ ಕಪ್ಪು ನವಿರು ಪದರಕ್ಕೆ ಬೂಷ್ಟು ಎನ್ನುತ್ತಾರೆ. ಶಾಸ್ತ್ರದ ಭಾಷೆಯಲ್ಲಿ ಇದು ಶಿಲೀಂಧ್ರ. ಎಲ್ಲ ಬೂಷ್ಟೂ ವಿಷಕಾರಿಯಲ್ಲ. ಆದರೆ ಆಸ್ಪರ್ಜಿಲಸ್ ಫ್ಲೇವಸ್, ಆಸ್ಪರ್ಜಿಲಸ್ ಪ್ಯಾರಾಸಿಟಿಕಸ್ ಎಂಬ ಶಿಲೀಂಧ್ರಗಳು ತಾವು ಬೆಳೆದ ಪದಾರ್ಥದೊಳಗೆ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪತ್ತಿ ಮಾಡುತ್ತವೆ. ಇವು ಮಣ್ಣಿನಲ್ಲಿಯೂ ಬೆಳೆಯ ಕಸಕಡ್ಡಿಯಲ್ಲಿಯೂ ಸದಾ ಇರುವಂಥವು. ಮೆಣಸಿನಕಾಯಿಯಲ್ಲಿ ಆಕ್ರಟಾಕ್ಸಿನ್ ಎಂಬ, ಮೂತ್ರಪಿಂಡಕ್ಕೆ ಹಾನಿ ಮಾಡುವ ಇನ್ನೊಂದು ವಿಷವೂ ಕಂಡುಬರುತ್ತದೆ.

ಅಫ್ಲಾಟಾಕ್ಸಿನ್ ಬೆಳಕಿಗೆ ಬಂದದ್ದು 1960ರಲ್ಲಿ. ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಶೋಧಿಸಿದಾಗ, ಅವುಗಳಿಗೆ ಹಾಕಿದ್ದ ಶೇಂಗಾ ಹಿಂಡಿಯಲ್ಲಿ ಬೆಳೆದಿದ್ದ ಬೂಷ್ಟಿನ ವಿಷವೇ ಕಾರಣವೆಂದು ತಿಳಿಯಿತು. ಮುಂದೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಫ್ಲಾಟಾಕ್ಸಿನ್ನನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿತು. ಈ ವಿಷವು ಮುಖ್ಯವಾಗಿ ಯಕೃತ್ತಿಗೆ ಪೆಟ್ಟು ಕೊಡುತ್ತದೆ. ಹೆಪಟೈಟಿಸ್ ಬಿ ಸೋಂಕು ಇರುವವರಲ್ಲಿ ಅಪಾಯ ಹಲವು ಪಟ್ಟು ಹೆಚ್ಚು.

ಭಾರತದ ಹಳ್ಳಿಗಳೂ ಇದಕ್ಕೆ ಬೆಲೆ ತೆತ್ತಿವೆ. 1974ರಲ್ಲಿ ರಾಜಸ್ಥಾನದ ಬಾಂಸ್ವಾಡಾ ಹಾಗೂ ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಕೊಯ್ಲಿನ ವೇಳೆಗೆ ಬಿದ್ದ ಅಕಾಲಿಕ ಮಳೆಯಿಂದ ಮೆಕ್ಕೆಜೋಳ ತೋಯ್ದು ಬೂಷ್ಟು ಹಿಡಿಯಿತು. ಬೇರೆ ಕಾಳು ಕೊಳ್ಳಲು ಶಕ್ತಿಯಿಲ್ಲದ ಬಡ ಕುಟುಂಬಗಳು ಅದನ್ನೇ ಉಂಡವು. ಕಾಮಾಲೆ ಬಂದು, ಹೊಟ್ಟೆಯಲ್ಲಿ ನೀರು ತುಂಬಿ, 397 ಜನ ಕಾಯಿಲೆ ಬಿದ್ದರು. ಅವರಲ್ಲಿ 106 ಜನ ಮೃತಪಟ್ಟರು. ಮನೆಯವರು ಹಾಕಿದ್ದನ್ನು ತಿಂದ ನಾಯಿಗಳೂ ಸತ್ತವು. ಕೆಟ್ಟ ಕಾಳನ್ನು ಚೆಲ್ಲಲಾಗದವರ ಮನೆಗೇ ಕಾಯಿಲೆ ಬಂದಿತೆಂಬುದನ್ನು ಸದಸ್ಯರು ಗಮನಿಸಬೇಕು.

ಮೆಣಸಿನಕಾಯಿಯನ್ನು ಯಾರೂ ಮೆಕ್ಕೆಜೋಳದಂತೆ ಹೊಟ್ಟೆತುಂಬ ತಿನ್ನುವುದಿಲ್ಲ. ಆದುದರಿಂದ ಖಾರದಪುಡಿಯಿಂದ ಅಂತಹ ತತ್‌ಕ್ಷಣದ ಸಾವು ಸಂಭವಿಸುತ್ತದೆ ಎಂಬ ಭಯ ಹುಟ್ಟಿಸುವುದು ಸರಿಯಲ್ಲ. ಇಲ್ಲಿನ ಅಪಾಯ ಬೇರೆ ಬಗೆಯದು. ಖಾರದಪುಡಿಯನ್ನು ಪ್ರತಿದಿನ, ಪ್ರತಿ ಊಟದಲ್ಲಿ, ಮಕ್ಕಳಿಂದ ವೃದ್ಧರವರೆಗೆ ಎಲ್ಲರೂ ಸೇವಿಸುತ್ತಾರೆ. ಶೇಂಗಾ, ಮೆಕ್ಕೆಜೋಳ, ಹಾಲು ಇವುಗಳ ಮೂಲಕ ಬರುವ ವಿಷದ ಜೊತೆಗೆ ಇದೂ ಕೂಡಿಕೊಳ್ಳುತ್ತದೆ. ಸಾಮಾನ್ಯ ಅಡುಗೆಯ ಬಿಸಿಗೆ ಅಫ್ಲಾಟಾಕ್ಸಿನ್ ಪೂರ್ಣವಾಗಿ ನಾಶವಾಗುವುದಿಲ್ಲ. ಬೂಷ್ಟನ್ನು ಒರೆಸಿ ತೆಗೆದರೂ, ಬಿಸಿಲಿಗೆ ಮತ್ತೆ ಹಾಕಿದರೂ, ಒಳಗೆ ಇಳಿದ ವಿಷ ಉಳಿಯುತ್ತದೆ. ಆದುದರಿಂದ ವಿಷ ಹುಟ್ಟದಂತೆ ನೋಡಿಕೊಳ್ಳುವುದೇ ನಂಬಲರ್ಹವಾದ ದಾರಿ.

ಕಣದಲ್ಲಿ ನಡೆಯುವುದೇನು

ಬಿಡಿಸಿದ ಹಣ್ಣುಮೆಣಸಿನಕಾಯಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ 65ರಿಂದ 80 ಭಾಗ ನೀರಿರುತ್ತದೆ. ಕೆಡದಂತೆ ಸಂಗ್ರಹಿಸಲು ತೇವಾಂಶವು ನೂರಕ್ಕೆ 10ರ ಆಸುಪಾಸಿಗೆ ಇಳಿಯಬೇಕು. ಒಂದು ಲೆಕ್ಕ ನೋಡಬಹುದು. ನೂರು ಕಿಲೋ ಹಸಿಕಾಯಿಯಲ್ಲಿ 75 ಕಿಲೋ ನೀರಿದ್ದರೆ, ಒಣಪದಾರ್ಥ 25 ಕಿಲೋ ಮಾತ್ರ. ಅದು ಶೇಕಡಾ 10ರ ತೇವಾಂಶಕ್ಕೆ ಬಂದಾಗ ಉಳಿಯುವ ತೂಕ ಸುಮಾರು 28 ಕಿಲೋ. ಅಂದರೆ ಪ್ರತಿ ನೂರು ಕಿಲೋ ಕಾಯಿಯಿಂದ 72 ಕಿಲೋ ನೀರು ಗಾಳಿಗೆ ಹೋಗಬೇಕು. ಈ ಕೆಲಸವನ್ನು ಬಿಸಿಲು ಮತ್ತು ಗಾಳಿ ಮಾಡುತ್ತವೆ. ಅವುಗಳ ದಾರಿಗೆ ಅಡ್ಡಿಯಾದಷ್ಟು ದಿನ ಬೂಷ್ಟಿಗೆ ಅವಕಾಶ ಹೆಚ್ಚು.

ಬೂಷ್ಟಿಗೆ ಬೇಕಾದದ್ದು ಬೆಚ್ಚಗಿನ ಹವೆ ಮತ್ತು ತೇವ. 25ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಅದಕ್ಕೆ ಹಿತ. ಕೊಯ್ಲಿನ ತಿಂಗಳುಗಳಲ್ಲಿ ಈ ಭಾಗದ ಹಗಲು ಹೆಚ್ಚುಕಡಿಮೆ ಇದೇ ಉಷ್ಣತೆಯಲ್ಲಿರುತ್ತದೆ. ಕಾಯಿ ಪೂರ್ಣ ಹಸಿಯಾಗಿದ್ದಾಗ ಅದರ ಸಿಪ್ಪೆಯೇ ಕಾವಲು. ಪೂರ್ಣ ಒಣಗಿದಾಗ ಬೂಷ್ಟಿಗೆ ನೀರಿಲ್ಲ. ಇವೆರಡರ ನಡುವೆ, ಕಾಯಿ ಮೆತ್ತಗಾಗಿ ಚರ್ಮದಂತೆ ಬಾಗುವ ಹಂತದಲ್ಲಿ, ಎಷ್ಟು ದಿನ ನಿಲ್ಲುತ್ತದೆಯೋ ಅಷ್ಟು ಅಪಾಯ. ತೊಟ್ಟಿನ ಬುಡ ಹಾಗೂ ಬೀಜದ ಸುತ್ತಲಿನ ಭಾಗ ಕೊನೆಗೆ ಒಣಗುವುದರಿಂದ ಬೂಷ್ಟು ಅಲ್ಲಿಯೇ ಮೊದಲು ನೆಲೆಯೂರುತ್ತದೆ. ಹೊರಗೆ ಕೆಂಪಗೆ ಹೊಳೆಯುವ ಕಾಯಿಯನ್ನು ಸೀಳಿದಾಗ ಒಳಗೆ ಬೂದುಬಣ್ಣ ಕಾಣುವುದು ಈ ಕಾರಣದಿಂದ. ಕಾಯಿಕೊರಕ ಹುಳು ಮಾಡಿದ ರಂಧ್ರ, ಹಣ್ಣುಕೊಳೆ ರೋಗದ ಕಲೆ, ತುಳಿತದಿಂದಾದ ಬಿರುಕು ಇವೆಲ್ಲವೂ ಬೂಷ್ಟಿಗೆ ತೆರೆದ ಬಾಗಿಲುಗಳು.

ರೂಢಿಯಲ್ಲಿರುವ ಕೆಲವು ಪದ್ಧತಿಗಳನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು. ಬಿಡಿಸಿದ ಕಾಯಿಯನ್ನು ಬಣ್ಣ ಒಂದೇ ಸಮ ಬರಲೆಂದು ರಾಶಿ ಹಾಕಿಡುವುದುಂಟು. ನೆರಳಿನಲ್ಲಿ, ಗಾಳಿಯಾಡುವಲ್ಲಿ ಎರಡು ಮೂರು ದಿನ ಇಟ್ಟರೆ ಬಣ್ಣ ಕೂಡಿಬರುತ್ತದೆ. ಅದಕ್ಕಿಂತ ಹೆಚ್ಚು ದಿನ ದಪ್ಪ ರಾಶಿಯಲ್ಲಿ ಬಿಟ್ಟರೆ ಒಳಗೆ ಕಾವೇರಿ ಬೆವರುತ್ತದೆ. ಬರಿಯ ಮಣ್ಣಿನ ಮೇಲೆ ಹರಡಿದರೆ ಕೆಳಗಿನ ತೇವ ಮೇಲೇರುತ್ತದೆ ಮತ್ತು ಮಣ್ಣಿನಲ್ಲಿರುವ ಶಿಲೀಂಧ್ರ ನೇರವಾಗಿ ತಗಲುತ್ತದೆ. ರಸ್ತೆಯ ಮೇಲೆ ಹರಡಿದರೆ ಬೇಗ ಒಣಗುವುದು ನಿಜ. ಆದರೆ ಗಾಲಿಗೆ ಸಿಕ್ಕ ಕಾಯಿ ಒಡೆಯುತ್ತದೆ, ಎಣ್ಣೆ ಮತ್ತು ಧೂಳು ಸೇರುತ್ತದೆ, ದ್ವಿಚಕ್ರ ವಾಹನಗಳು ಜಾರಿ ಅಪಘಾತಗಳೂ ಸಂಭವಿಸುತ್ತವೆ. ರಾತ್ರಿ ಕಾಯಿಯನ್ನು ಹರಡಿದಂತೆಯೇ ಬಿಟ್ಟರೆ ಹಗಲು ಹೋದ ನೀರಿನಲ್ಲಿ ಒಂದು ಪಾಲು ಇಬ್ಬನಿಯ ರೂಪದಲ್ಲಿ ಮರಳಿ ಬರುತ್ತದೆ. ಸಂಜೆ ಒಟ್ಟುಗೂಡಿಸಿ ತಾಡಪತ್ರಿ ಮುಚ್ಚಿ, ಬೆಳಿಗ್ಗೆ ಇಬ್ಬನಿ ಆರಿದ ಕೂಡಲೇ ಬಿಚ್ಚಿ ಹರಡುವುದು ಸರಿಯಾದ ಕ್ರಮ. ಮುಚ್ಚಿದ ತಾಡಪತ್ರಿಯನ್ನು ಮಧ್ಯಾಹ್ನದವರೆಗೂ ತೆಗೆಯದಿದ್ದರೆ ಒಳಗೆ ಹಬೆ ಕಟ್ಟಿ ಮುಚ್ಚಿದ್ದೇ ಕೇಡಾಗುತ್ತದೆ.

ತೂಕಕ್ಕಾಗಿ ಮರಳಿ ಸೇರುವ ನೀರು

ಚೆನ್ನಾಗಿ ಒಣಗಿದ ಕಾಯಿಗೆ ಚೀಲ ತುಂಬುವ ಮುನ್ನ ನೀರು ಚಿಮುಕಿಸುವ ರೂಢಿ ಮೆಣಸಿನಕಾಯಿ ವ್ಯವಹಾರದಲ್ಲಿ ಹಳೆಯದು. ಕಾಯಿ ಮುರಿಯಬಾರದು, ಹೊಳಪು ಕಾಣಬೇಕು ಎಂಬುದು ಅದಕ್ಕೆ ಕೊಡುವ ಕಾರಣ. ತೂಕವೂ ಒಂದು ಕಾರಣ. ಶೇಕಡಾ 10ರ ತೇವಾಂಶದ ಒಂದು ಕ್ವಿಂಟಲ್ ಕಾಯಿಯನ್ನು ಶೇಕಡಾ 15ಕ್ಕೆ ಏರಿಸಿದರೆ ತೂಕ ಸುಮಾರು 106 ಕಿಲೋ ಆಗುತ್ತದೆ. ಆರು ಕಿಲೋ ನೀರು ಮೆಣಸಿನಕಾಯಿಯ ಬೆಲೆಗೆ ಮಾರಾಟವಾಗುತ್ತದೆ.

ಆದರೆ ಈ ಆರು ಕಿಲೋ ನೀರು ಚೀಲದಲ್ಲಿ ಸುಮ್ಮನಿರುವುದಿಲ್ಲ. ಒತ್ತಿ ತುಂಬಿದ ಚೀಲದ ನಡುವೆ ಗಾಳಿಯಾಡುವುದಿಲ್ಲ. ತೇವ ಒಂದೆಡೆ ಸೇರುತ್ತದೆ. ಹತ್ತು ದಿನ ಬಿಸಿಲಿನಲ್ಲಿ ಪಟ್ಟ ಶ್ರಮವನ್ನು ಒಂದು ಸಂಜೆಯ ನೀರು ಹಾಳುಮಾಡುತ್ತದೆ. ಖರೀದಿದಾರರೂ ತೇವದ ಕಾಯಿಯನ್ನು ಗುರುತಿಸಿ ದರ ಇಳಿಸುವುದರಿಂದ ಆರು ಕಿಲೋದ ಲಾಭ ಸಹ ಖಚಿತವಲ್ಲ. ಶೀತಲಗೃಹದಲ್ಲಿ ಇಟ್ಟ ಚೀಲಗಳನ್ನು ಹೊರತೆಗೆದಾಗಲೂ ಇದೇ ಎಚ್ಚರ ಬೇಕು. ತಂಪಾದ ಚೀಲದ ಮೇಲೆ ಹೊರಗಿನ ಗಾಳಿಯ ತೇವ ಹನಿಗಟ್ಟುತ್ತದೆ.

ಮಿತಿ ಎಷ್ಟು, ಪರೀಕ್ಷೆ ಹೇಗೆ

ಐರೋಪ್ಯ ಒಕ್ಕೂಟವು ಒಣಮೆಣಸಿನಕಾಯಿಯಲ್ಲಿ ಅಫ್ಲಾಟಾಕ್ಸಿನ್ ಬಿ-1 ಪ್ರತಿ ಕಿಲೋಗೆ 5 ಮೈಕ್ರೋಗ್ರಾಂ, ಒಟ್ಟು ಅಫ್ಲಾಟಾಕ್ಸಿನ್ 10 ಮೈಕ್ರೋಗ್ರಾಂ ಮೀರಬಾರದೆಂದು ನಿಗದಿಪಡಿಸಿದೆ. ಭಾರತದ ಆಹಾರ ಸುರಕ್ಷತಾ ನಿಯಮಗಳಲ್ಲಿ ಸಾಂಬಾರ ಪದಾರ್ಥಗಳಿಗೆ ಒಟ್ಟು ಅಫ್ಲಾಟಾಕ್ಸಿನ್ ಮಿತಿ ಪ್ರತಿ ಕಿಲೋಗೆ 30 ಮೈಕ್ರೋಗ್ರಾಂ. ಪ್ರತಿ ಕಿಲೋಗೆ 10 ಮೈಕ್ರೋಗ್ರಾಂ ಎಂದರೆ ನೂರು ಟನ್ ಮೆಣಸಿನಕಾಯಿಯಲ್ಲಿ ಒಂದು ಗ್ರಾಂ ವಿಷ. ಹತ್ತು ಟನ್ ಹೊರುವ ಹತ್ತು ಲಾರಿಗಳಲ್ಲಿ ಒಂದು ಚಿಟಿಕೆಯೂ ಅಲ್ಲದಷ್ಟು.

ಇಷ್ಟು ಅಲ್ಪ ಪ್ರಮಾಣವನ್ನು ಕಣ್ಣು, ಮೂಗು, ನಾಲಿಗೆ ಗುರುತಿಸಲಾರವು. ಅದಲ್ಲದೆ ವಿಷವು ರಾಶಿಯಲ್ಲಿ ಸಮನಾಗಿ ಹರಡಿರುವುದಿಲ್ಲ. ಕೆಲವೇ ಕಾಯಿಗಳಲ್ಲಿ ಬಹಳ ಇದ್ದು, ಉಳಿದವು ಶುದ್ಧವಾಗಿರಬಹುದು. ಆದುದರಿಂದಲೇ ಒಬ್ಬ ರೈತನ ಕೆಲವು ಕೆಟ್ಟ ಕಾಯಿಗಳು ಹತ್ತು ರೈತರ ಕಾಯಿ ಕೂಡಿದ ರಾಶಿಯನ್ನು ಕೆಡಿಸಬಲ್ಲವು. ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಮಾದರಿ ಕಳುಹಿಸುವಾಗ ಒಂದೇ ಚೀಲದ ಬಾಯಿಯಿಂದ ಹಿಡಿ ಕಾಯಿ ತೆಗೆದರೆ ಸಾಲದು. ಹಲವು ಚೀಲಗಳ ಮೇಲೆ, ನಡು, ಬುಡದಿಂದ ತೆಗೆದು ಕೂಡಿಸಿ ಕಳುಹಿಸಬೇಕು.

ಬೇರ್ಪಡಿಸಿದ ಕಾಯಿ ಎಲ್ಲಿಗೆ ಹೋಗುತ್ತದೆ

ಕಾಯಿ ವಿಂಗಡಿಸುವ ಹೆಣ್ಣುಮಕ್ಕಳು ಬಿಳಿಚಿದ, ಕಲೆಯಾದ, ಬೂಷ್ಟು ಹಿಡಿದ ಕಾಯಿಗಳನ್ನು ಬೇರೆ ಹಾಕುತ್ತಾರೆ. ಒಳ್ಳೆಯ ಕಾಯಿ ಒಳ್ಳೆಯ ದರಕ್ಕೆ ಹೋಗುತ್ತದೆ. ಬೇರೆ ಹಾಕಿದ ಕಾಯಿ? ಅದಕ್ಕೂ ಕಡಿಮೆ ದರದ ಗಿರಾಕಿ ಇದ್ದೇ ಇರುತ್ತಾರೆ. ಇಡಿಯ ಕಾಯಿಯಲ್ಲಿ ಕಾಣುವ ಕಲೆ ಪುಡಿಯಲ್ಲಿ ಕಾಣುವುದಿಲ್ಲ. ಕೆಟ್ಟ ಕಾಯಿಯನ್ನು ಒಳ್ಳೆಯದರೊಂದಿಗೆ ಬೆರೆಸಿ ಬೀಸಿದರೆ ಬಣ್ಣವೂ ಸರಿಹೋಗುತ್ತದೆ. ಅಗ್ಗದ ಬಿಡಿ ಖಾರದಪುಡಿ ಕೊಳ್ಳುವವರು ಯಾರೆಂಬುದನ್ನು ವಿವರಿಸಬೇಕಾಗಿಲ್ಲ. ಕೂಲಿಕಾರರ ಮನೆ, ಊರ ಜಾತ್ರೆಯ ದಾಸೋಹ, ರಸ್ತೆಬದಿಯ ಖಾನಾವಳಿ ಇವೆಲ್ಲ ಅದರಲ್ಲಿ ಸೇರಿವೆ. ಹೊರದೇಶಕ್ಕೆ ಹೋಗುವ ಚೀಲಕ್ಕೆ ಪರೀಕ್ಷೆಯುಂಟು. ಊರಿನೊಳಗೆ ಉಳಿಯುವ ಪುಡಿಗೆ ಅಂತಹ ಪರೀಕ್ಷೆ ಅಪರೂಪ. ಕಾಯಿ ಬಿಡಿಸಿದವರ, ವಿಂಗಡಿಸಿದವರ ಮಕ್ಕಳ ತಟ್ಟೆಗೇ ಬೇರ್ಪಡಿಸಿದ ಕಾಯಿ ಪುಡಿಯಾಗಿ ಮರಳುವುದಾದರೆ ಅದು ಪಂಚಾಯಿತಿಯು ಕಡೆಗಣಿಸಬಹುದಾದ ಸಂಗತಿಯಲ್ಲ.

ಇದೇ ಮಾತು ಮೆಕ್ಕೆಜೋಳಕ್ಕೂ ಅನ್ವಯಿಸುತ್ತದೆ. ಮನುಷ್ಯರಿಗೆ ಬೇಡವಾದ ಬೂಷ್ಟಿನ ಜೋಳವನ್ನು ದನಕ್ಕೆ ಹಾಕುವುದು ರೂಢಿ. ದನ ತಿಂದ ಅಫ್ಲಾಟಾಕ್ಸಿನ್‌ನಲ್ಲಿ ಒಂದು ಅಂಶ ಎಂ-1 ಎಂಬ ರೂಪದಲ್ಲಿ ಹಾಲಿಗೆ ಇಳಿಯುತ್ತದೆ. ಹಾಲು ಕುದಿಸಿದರೂ ಅದು ಹೋಗುವುದಿಲ್ಲ. ಆ ಹಾಲನ್ನು ಹೆಚ್ಚು ಕುಡಿಯುವವರು ಮಕ್ಕಳೇ.

ಸ್ವಸಹಾಯ ಸಂಘಗಳ ಒಣ ತರಕಾರಿ

ಈಚಿನ ವರ್ಷಗಳಲ್ಲಿ ಮಹಿಳಾ ಸ್ವಸಹಾಯ ಸಂಘಗಳು ಖಾರದಪುಡಿ, ಬಾಳಕದ ಮೆಣಸಿನಕಾಯಿ, ಸಂಡಿಗೆಗಳ ಜೊತೆಗೆ ಒಣಗಿಸಿದ ಹಾಗಲಕಾಯಿ, ಚವಳಿಕಾಯಿ, ಬೆಂಡೆಕಾಯಿ, ನುಗ್ಗೆಸೊಪ್ಪುಗಳನ್ನು ತಯಾರಿಸಿ ಮಾರುತ್ತಿವೆ. ಇದು ಸ್ವಾಗತಾರ್ಹ. ಆದರೆ ನಿಯಮ ಇಲ್ಲಿಯೂ ಅದೇ. ತರಕಾರಿಯನ್ನು ಶುದ್ಧ ನೀರಿನಲ್ಲಿ ತೊಳೆದು, ಕೊಳೆತ ಭಾಗ ತೆಗೆದು, ಒಂದೇ ದಪ್ಪಕ್ಕೆ ಹೆಚ್ಚಬೇಕು. ದಪ್ಪ ಬೇರೆ ಬೇರೆಯಾದರೆ ತೆಳುಹೋಳು ಒಣಗಿ ದಪ್ಪಹೋಳು ತೇವವಾಗಿ ಉಳಿದು, ಡಬ್ಬಿಯೊಳಗೆ ಆ ತೇವ ಎಲ್ಲಕ್ಕೂ ಹರಡುತ್ತದೆ. ಬಿಸಿನೀರಿನಲ್ಲಿ ಅಥವಾ ಹಬೆಯಲ್ಲಿ ಕೆಲವು ನಿಮಿಷ ಬಾಡಿಸಿ ಒಣಗಿಸಿದರೆ ಬಣ್ಣ ಉಳಿಯುತ್ತದೆ ಮತ್ತು ಮೇಲ್ಮೈಯ ಸೂಕ್ಷ್ಮಜೀವಿಗಳು ಕಡಿಮೆಯಾಗುತ್ತವೆ. ಒಣಗಿಸುವ ಯಂತ್ರದಲ್ಲಿ 50ರಿಂದ 60 ಡಿಗ್ರಿ ಉಷ್ಣತೆ ಬಹುತೇಕ ತರಕಾರಿಗಳಿಗೆ ಒಪ್ಪುತ್ತದೆ. ಹೋಳು ಬಾಗದೆ ಮುರಿಯುವಂತಾಗಬೇಕು. ಬಿಸಿ ಆರುವ ಮೊದಲು ಚೀಲಕ್ಕೆ ತುಂಬಿದರೆ ಒಳಗೆ ಹಬೆ ಹನಿಗಟ್ಟುತ್ತದೆ. ಆರಿದ ಮೇಲೆ ತಡಮಾಡಿದರೆ ಗಾಳಿಯ ತೇವವನ್ನು ಹೀರುತ್ತದೆ. ಆದುದರಿಂದ ಆರಿದ ಕೂಡಲೇ ತೇವ ನುಸುಳದ ಚೀಲದಲ್ಲಿ ತುಂಬಿ ಬಾಯಿ ಬೆಸೆಯುವುದು ಅವಶ್ಯ.

ಗ್ರಾಮ ಪಂಚಾಯಿತಿಗಳು ಕೈಗೊಳ್ಳಬಹುದಾದ ಕ್ರಮಗಳು

ಈ ತಿಳಿವಳಿಕೆಯೆಲ್ಲ ರೈತರಿಗೆ ಇಲ್ಲವೆಂದಲ್ಲ. ಇಬ್ಬನಿ ಕೆಟ್ಟದ್ದೆಂದು, ಮಣ್ಣಿಗಿಂತ ಕಲ್ಲುಹಾಸು ಮೇಲೆಂದು ಹಿರಿಯರು ಮೊದಲಿನಿಂದಲೂ ಬಲ್ಲರು. ಕೊರತೆ ಇರುವುದು ಜಾಗದ್ದು. ಒಂದೆರಡು ಎಕರೆ ಬೆಳೆಯುವ ರೈತ ವರ್ಷಕ್ಕೆ ಎರಡು ತಿಂಗಳ ಬಳಕೆಗಾಗಿ ಸ್ವಂತ ಸಿಮೆಂಟ್ ಕಣ ಕಟ್ಟಿಸಲಾರ. ಕಟ್ಟಿಸಿದರೂ, ವಿಷವಿಲ್ಲದ ಕಾಯಿ ಎಂಬುದಕ್ಕಾಗಿಯೇ ಹೆಚ್ಚಿನ ದರ ಅವನ ಕೈಗೆ ಬರುವುದು ಖಚಿತವಿಲ್ಲ. ಮಾರುಕಟ್ಟೆ ನೋಡುವುದು ಬಣ್ಣ, ಉದ್ದ, ಸುಕ್ಕು. ಖರ್ಚು ಒಬ್ಬನದು, ಪ್ರಯೋಜನ ಎಲ್ಲರದು ಎಂಬಂತಹ ಕಡೆ ಸಾರ್ವಜನಿಕ ಸಂಸ್ಥೆ ಮುಂದೆ ಬರಬೇಕಾಗುತ್ತದೆ. ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಪಂಚಾಯಿತಿಗಳಿಗೆ ಸೂಚಿಸಿರುವ 29 ವಿಷಯಗಳಲ್ಲಿ ಕೃಷಿ ವಿಸ್ತರಣೆಯೂ ಆಹಾರ ಸಂಸ್ಕರಣಾ ಕೈಗಾರಿಕೆಯೂ ಸೇರಿವೆ. ಈ ದೃಷ್ಟಿಯಿಂದ ಕೆಳಕಂಡ ಕ್ರಮಗಳನ್ನು ಪರಿಶೀಲಿಸತಕ್ಕದ್ದು.

1. ಸಾಮೂಹಿಕ ಒಣಗಿಸುವ ಕಣ. ಉದ್ಯೋಗ ಖಾತರಿ ಯೋಜನೆಯಡಿ ಹಲವು ಪಂಚಾಯಿತಿಗಳು ಒಕ್ಕಣೆ ಕಣಗಳನ್ನು ನಿರ್ಮಿಸಿವೆ. ಹೊಸ ಕಣವನ್ನು ಮರದ ನೆರಳು ಬೀಳದ, ಗಾಳಿಯಾಡುವ, ಸುತ್ತಲಿನ ನೆಲಕ್ಕಿಂತ ಎತ್ತರದ ಜಾಗದಲ್ಲಿ ನಿರ್ಮಿಸಬೇಕು. ಮಳೆನೀರು ಹರಿದುಹೋಗಲು ನೂರು ಅಡಿಗೆ ಒಂದು ಅಡಿಯಷ್ಟು ಇಳಿಜಾರು, ಅಂಚಿನಲ್ಲಿ ಚರಂಡಿ, ನಾಯಿ ದನಗಳು ಬಾರದಂತೆ ಬೇಲಿ, ಅಕಾಲಿಕ ಮಳೆ ಬಂದಾಗ ರಾಶಿ ಸರಿಸಲು ಪಕ್ಕದಲ್ಲಿಯೇ ಒಂದು ಮೇಲ್ಛಾವಣಿ ಇವಿಷ್ಟೂ ಅಂದಾಜು ಪಟ್ಟಿಯಲ್ಲಿಯೇ ಸೇರಿರಬೇಕು. ಮೇಲ್ಛಾವಣಿಯಿಲ್ಲದ ಕಣ ಅರ್ಧ ಕೆಲಸ ಮಾತ್ರ.

2. ಇರುವ ಕಣಗಳ ಸ್ಥಿತಿ. ಈಗಾಗಲೇ ಕಟ್ಟಿದ ಕಣಗಳಲ್ಲಿ ಜಲ್ಲಿ, ಟ್ರ್ಯಾಕ್ಟರ್, ಕಟ್ಟಿಗೆ ತುಂಬಿದ್ದರೆ ಕೊಯ್ಲಿಗೆ ಮುನ್ನವೇ ತೆರವುಗೊಳಿಸಬೇಕು. ಬಿರುಕುಗಳನ್ನು ಮುಚ್ಚಿಸಬೇಕು. ಬಿರುಕಿನಲ್ಲಿ ಉಳಿದ ಹಿಂದಿನ ವರ್ಷದ ಕಸವೇ ಈ ವರ್ಷದ ಬೂಷ್ಟಿನ ಬೀಜ.

3. ಸರದಿ ಪಟ್ಟಿ. ಕಣ ಬಲಾಢ್ಯರ ಸ್ವತ್ತಾಗದಂತೆ ವಾರ್ಡುವಾರು ಸರದಿಯನ್ನು ಗ್ರಾಮಸಭೆಯಲ್ಲಿ ನಿಗದಿಪಡಿಸಿ ಪಂಚಾಯಿತಿಯ ಸೂಚನಾ ಫಲಕದಲ್ಲಿ ಪ್ರಕಟಿಸಬೇಕು. ಸಣ್ಣ ಹಿಡುವಳಿದಾರರಿಗೆ, ಗೇಣಿಗೆ ಮಾಡುವವರಿಗೆ ಮೊದಲ ಆದ್ಯತೆ ನೀಡುವುದು ಉಚಿತ.

4. ತೇವಾಂಶ ಮಾಪಕ. ಪಂಚಾಯಿತಿಗೊಂದು ಮಾಪಕವಿದ್ದರೆ ಚೀಲ ತುಂಬುವ ಮುನ್ನ ಯಾವ ರೈತನಾದರೂ ತನ್ನ ಕಾಯಿಯನ್ನು ಪರೀಕ್ಷಿಸಿಕೊಳ್ಳಬಹುದು. ಅಲುಗಾಡಿಸಿದಾಗ ಬೀಜದ ಸದ್ದು ಕೇಳಿಸುವುದು ಹಳೆಯ ಗುರುತು. ಅದು ಉಪಯುಕ್ತವಾದರೂ ಹತ್ತು ಮತ್ತು ಹದಿನಾಲ್ಕರ ವ್ಯತ್ಯಾಸವನ್ನು ತಿಳಿಸಲಾರದು.

5. ಸಂಸ್ಕರಣಾ ಘಟಕಗಳಿಗೆ ನೆರವು. ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ನಿಯಮಬದ್ಧಗೊಳಿಸುವಿಕೆ ಯೋಜನೆಯಲ್ಲಿ ಘಟಕದ ವೆಚ್ಚದ ಶೇಕಡಾ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಾಲಸಂಪರ್ಕಿತ ಸಹಾಯಧನಕ್ಕೂ, ಸ್ವಸಹಾಯ ಸಂಘದ ಪ್ರತಿ ಸದಸ್ಯೆಗೆ 40,000 ರೂಪಾಯಿವರೆಗೆ ಮೂಲಬಂಡವಾಳಕ್ಕೂ ಅವಕಾಶ ಕಲ್ಪಿಸಲಾಗಿದೆ. ಸೌರ ಒಣಗಿಸುವ ಸಾಧನ, ಹೋಳು ಮಾಡುವ ಯಂತ್ರ, ಚೀಲ ಬೆಸೆಯುವ ಯಂತ್ರಗಳನ್ನು ಘಟಕದ ಯೋಜನಾ ವರದಿಯಲ್ಲಿಯೇ ಸೇರಿಸುವಂತೆ ಸಂಘಗಳಿಗೆ ತಿಳಿಸಬೇಕು.

6. ಖರೀದಿಯಲ್ಲಿ ಎಚ್ಚರ. ಅಂಗನವಾಡಿ, ಶಾಲಾ ಬಿಸಿಯೂಟ ಹಾಗೂ ವಸತಿನಿಲಯಗಳಲ್ಲಿ ಬಳಸುವ ಖಾರದಪುಡಿ, ಶೇಂಗಾ, ಕಾಳುಗಳ ದಾಸ್ತಾನನ್ನು ಸದಸ್ಯರು ಭೇಟಿಯ ವೇಳೆ ನೋಡಬೇಕು. ಚೀಲಗಳು ಗೋಡೆಗೆ ತಾಗದೆ, ಹಲಗೆಯ ಮೇಲೆ ಇವೆಯೇ, ಮುಗ್ಗಲು ವಾಸನೆ ಇದೆಯೇ, ಬಿಡಿ ಪುಡಿಯನ್ನು ಮೂಲ ತಿಳಿಯದೆ ಕೊಳ್ಳಲಾಗುತ್ತಿದೆಯೇ ಎಂಬ ಮೂರು ಪ್ರಶ್ನೆಗಳು ಸಾಕು.

7. ಕೆಟ್ಟ ಕಾಯಿಯ ವಿಲೇವಾರಿ. ವಿಂಗಡಣೆಯಲ್ಲಿ ಬೂಷ್ಟು ಹಿಡಿದದ್ದನ್ನು ಪುಡಿಗೂ ಬಳಸದೆ, ದನಕ್ಕೂ ಹಾಕದೆ, ಹೊಲದಲ್ಲಿ ಹರಡದೆ, ಗುಂಡಿಯಲ್ಲಿ ಹೂಳುವಂತೆ ಗ್ರಾಮಸಭೆಯಲ್ಲಿ ಒಮ್ಮತದ ತೀರ್ಮಾನ ಕೈಗೊಳ್ಳಬಹುದು. ವಿಂಗಡಣೆ ಮಾಡುವ ಮಹಿಳೆಯರು ಧೂಳು ಉಸಿರಾಡದಂತೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವುದೂ ಇದರ ಭಾಗ.

ಕಾಲದ ಲೆಕ್ಕ

ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಸಿದ್ಧತೆ ಅಕ್ಟೋಬರ್ 2ರ ಗಾಂಧಿ ಜಯಂತಿಯ ಆಸುಪಾಸಿನಲ್ಲಿ ಆರಂಭವಾಗುತ್ತದೆ. ಆಗ ಮೆಣಸಿನ ಗಿಡ ಹೊಲದಲ್ಲಿ ಇನ್ನೂ ಹಸಿರಾಗಿರುತ್ತದೆ, ಕಣದ ನೆನಪು ಯಾರಿಗೂ ಇರುವುದಿಲ್ಲ. ಜನವರಿಯಲ್ಲಿ ಕಾಯಿ ಬಂದು, ಮೋಡ ಕವಿದು, ರಸ್ತೆಯ ಮೇಲಿನ ರಾಶಿಗೆ ಹೊದಿಸಲು ತಾಡಪತ್ರಿ ಹುಡುಕುವಾಗ ಕಣದ ನೆನಪಾಗುತ್ತದೆ. ಆ ಹೊತ್ತಿಗೆ ಕ್ರಿಯಾಯೋಜನೆ ಮುಗಿದಿರುತ್ತದೆ. ಹೊಸ ಕಣದ ಪ್ರಸ್ತಾವ ಅಕ್ಟೋಬರಿನ ವಾರ್ಡ್ ಸಭೆಯಲ್ಲಿಯೇ ಬರಬೇಕು. ಇರುವ ಕಣದ ದುರಸ್ತಿ ಡಿಸೆಂಬರ್ ಒಳಗೆ ಮುಗಿಯಬೇಕು. ಸರದಿ ಪಟ್ಟಿ ಮೊದಲ ಬಿಡಿಸುವಿಕೆಗೆ ಮುನ್ನ ಫಲಕದ ಮೇಲೆ ಇರಬೇಕು.

ಪ್ರತಿ ಸದಸ್ಯರೂ ತಮ್ಮ ವಾರ್ಡಿನಲ್ಲಿ ಎಷ್ಟು ಕುಟುಂಬಗಳು ಮೆಣಸಿನಕಾಯಿ ಒಣಗಿಸುತ್ತವೆ, ಅವರಲ್ಲಿ ಎಷ್ಟು ಮಂದಿ ಮಣ್ಣಿನ ಮೇಲೆ ಅಥವಾ ರಸ್ತೆಯ ಮೇಲೆ ಹರಡುತ್ತಾರೆ, ಹತ್ತಿರದ ಕಣ ಎಷ್ಟು ದೂರದಲ್ಲಿದೆ ಎಂಬ ಮೂರು ಅಂಕಿಗಳನ್ನು ಬರೆದು ಮುಂದಿನ ಸಾಮಾನ್ಯ ಸಭೆಗೆ ತಂದಲ್ಲಿ, ಕಣ ಎಲ್ಲಿ ಬೇಕು, ಎಷ್ಟು ದೊಡ್ಡದು ಬೇಕು ಎಂಬುದು ಅಲ್ಲಿಯೇ ಇತ್ಯರ್ಥವಾಗುತ್ತದೆ.